ಕಿಡ್ನೆವ್ವನ ಹರಕೆ

“ಈ ಗುಡ್ಡ ನಾ ಗಂಡನ್ನ ಹೆಗಲ ಮ್ಯಾಲ ಹೊತ್ಕೊಂಡು ಏರೀನಿ. ಬಗಲಾಗ ಒಂದ್ ಆಡಿನ ಮರಿ ಬ್ಯಾರೆ!” ಎಂದಳು ಹಣಮಮ್ಮ.

“ಖರೇ ಏನ್ ಆಯಿ?” ಎಂದಳು ಜೊತೆಗಿದ್ದ ನರ್ಸ್ ಪಂಚಶೀಲಾ.

“ಅರ್ಧಾ ಸುಳ್ಳು. ಆಡಿನ ಮರಿ ಖರೇ. ಗಂಡ ಬೀಡಿ ಸೇದ್ಕೋತ ಮುಂದ ಹೊಂಟಿದ್ದ.”

ಕಲಬುರಗಿ ಕೋಟೆಯ ಮುಂದಿನಿಂದ ಹೊರಟ ನಡಿಗೆ ಮಹಾಗಾಂವ ದಾಟಿ, ಗುಡ್ಡದ ಹಳ್ಳಿಗಳಲ್ಲಿ ರಾತ್ರಿ ತಂಗುತ್ತ ಕಮಲಾಪುರದತ್ತ ಸಾಗಿತ್ತು. ಕಮಲಾಪುರದಲ್ಲೇ ಕಿಡ್ನಿ ಕೆಟ್ಟವರ ರಕ್ತ ತೊಳೆಯುವ ಮಷಿನು ಆಗಲೆಂದು ಪಂಚಶೀಲಾ ಕಟ್ಟಿದ ನಡಿಗೆ. ಊರೂರಿನಲ್ಲಿ ಜನ ಕೈಲಾದದ್ದು ಕೊಡುತ್ತಿದ್ದರು. ಹಣಮಮ್ಮನ ಪಕ್ಕದ ಮನೆಯ ಜೀನತ್ ಆ ಮಷಿನಿಗಾಗಿ ಬಸ್ಸಿನಲ್ಲಿ ಜೋಲಿ ಹೊಡೆಯುತ್ತ ಕಲಬುರಗಿಗೆ ಅಲೆದು ಹಣ್ಣಾಗಿದ್ದಳು. ಅದಕ್ಕೇ ಮುದುಕಿ ಸೊಂಟಕ್ಕೆ ಸೆರಗು ಸಿಗಿಸಿ ಹೊರಟದ್ದು.

ಗುಡ್ಡದ ಬುಡದ ಹಳ್ಳಿಯಲ್ಲಿ ಅಂಬಮ್ಮ ಎಂಬಾಕೆ ಬಿಂದಿಗೆ ನೀರು ತಂದು, ಬೇಡವೆಂದರೂ ಬಿಡದೆ ಮುದುಕಿಯ ಪಾದ ತೊಳೆದಳು.

“ಯಾವ ದೇವ್ರಿಗಿ ಹೊಂಟೀರೆವ್ವಾ?”

ಹಣಮಮ್ಮನ ನಾಲಿಗೆ ತುರಿಸಿತು. “ಕಿಡ್ನೆವ್ವಗ.”

ಎಲ್ಲರೂ ನಕ್ಕರು. ಅಂಬಮ್ಮ ನಗಲಿಲ್ಲ. ಕಟ್ಟೆಯ ಮೇಲೆ ಕುಳಿತ ಗಂಡ ಖಂಡೆಪ್ಪನತ್ತ ನೋಡಿದಳು. “ಇವ್ರಿಗೂ ಅದೇ ಬ್ಯಾನಿ. ದವಾಖಾನಿ ದಿಕ್ಕಿಗಿ ತಲಿ ಹಾಕಿ ಸೈತ ಮಲಗವಲ್ರು. ಆಕಿಗಿ ಏನ್ ಹರಕಿ ಹೊರ್ಬೇಕು?”

ಖಂಡೆಪ್ಪ ಧೋತರ ಕೆಳಗೆಳೆದುಕೊಂಡ. ಊದಿದ ಪಾದದಲ್ಲಿ ಚಪ್ಪಲಿಯ ಪಟ್ಟಿ ಹೂತುಹೋಗಿತ್ತು.

“ಆಯಿ, ಚ್ಯಾಷ್ಟಿ ಸಾಕು,” ಪಂಚಶೀಲಾ ಪಿಸುಗುಟ್ಟಿದಳು. “ಇವತ್ತೇ ದವಾಖಾನಿಗಿ ಒಯ್ಯಬೇಕು. ಇಲ್ಲಂದ್ರ ಈ ಮನಷ್ಯಾ ಉಳಿಯಂಗಿಲ್ಲ.”

ಹಣಮಮ್ಮ ಹೋಗಿ ಅವನ ಪಕ್ಕ ಕುಳಿತಳು.

“ಏನ್ ಬೇಡ್ತಾಳ ನಿಮ್ಮ ದೇವಿ?” ಎಂದ ಖಂಡೆಪ್ಪ.

“ರಕ್ತ.”

ಖಂಡೆಪ್ಪ ಮಾರು ದೂರ ಸರಿದ.

“ಅಂಜಬ್ಯಾಡೋ ತಮ್ಮಾ. ದೇವಿ ಸುಳ್ಳು, ರಕ್ತ ಖರೇ. ನಮ್ಮ ಜೀನತಂದು ಮಷಿನ್ ತಗೋತದ, ತೊಳಿತದ, ಹೊಳ್ಳಿ ಆಕಿಗೇ ಕೊಡ್ತದ.”

“ಅದೇ ರಕ್ತ?”

“ಅದೇ.”

“ತನ್ನ ಪಾಲು ಅಂತ ಏನೂ ಇಟ್ಕೊಳ್ಳಂಗಿಲ್ಲ?”

“ಇಲ್ಲಪಾ.” ನಾಲಿಗೆ ಮತ್ತೆ ತುರಿಸಿತು; ಮುದುಕಿ ಅದನ್ನು ಕಚ್ಚಿ ಹಿಡಿದಳು.

ಖಂಡೆಪ್ಪ ಗದ್ದ ಕೆರೆದುಕೊಂಡ. “ಹಂಗಾರ ದೇವ್ರಿಗಿಂತ ಪಾಡ ಅದ ಬಿಡು. ಗುಡ್ಯಾಗ ಅರ್ಧಾ ಕಾಯಿ ಇಟ್ಕೊಂಡೇ ಕೊಡ್ತಾರ.”

ಆದರೆ ಎದ್ದೇಳಲಿಲ್ಲ. ನೀರಿನ ಕೊಡ ಹೊತ್ತು ನಡಿಗೆಯ ಹಿಂದೆ ಬರುತ್ತಿದ್ದ ಟೆಂಪೋವನ್ನು ಪಂಚಶೀಲಾ ಕಟ್ಟೆಯ ಮುಂದೆಯೇ ನಿಲ್ಲಿಸಿ, ಡ್ರೈವರನಿಗೆ ಕಾಯಲು ಹೇಳಿ ಗುಡ್ಡ ಏರತೊಡಗಿದಳು.

ಅರ್ಧ ಏರಿನಲ್ಲಿ ಹಣಮಮ್ಮ ಬಂಡೆಯೊಂದರ ಮೇಲೆ ಕುಸಿದು, ಬಂದ ದಾರಿಗೆ ಮುಖ ಮಾಡಿ ಮೊಣಕಾಲು ನೀವಿಕೊಂಡಳು. ಕೆಳಗೆ ಟೆಂಪೋ ಕೆಮ್ಮುತ್ತ ತಿರುವು ದಾಟಿತು. ಕೆಂಪು ದೂಳು ಸರಿದಾಗ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು, ಬೊಚ್ಚು ಬಾಯಿ ಅಗಲವಾಯಿತು.

ಪಂಚಶೀಲಾ ತಿರುಗಬೇಕೆನ್ನುವಷ್ಟರಲ್ಲಿ ಮುದುಕಿ ಅವಳ ಗದ್ದ ಹಿಡಿದಳು.

“ಹೊಳ್ಳಿ ನೋಡಬ್ಯಾಡ. ಡ್ರೈವರನ ಬಾಜೂಕ ಯಾರ್ ಕುಂತಾರ, ನೀನೇ ಹೇಳ್ ನೋಡಮ್.”