ಮೇಷ್ಟ್ರ ಕಾಲಡಿಯ ಬ್ರೇಕು

ನನ್ನ ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಎಡವಟ್ಟು ಮಾಡಿದರೆ ಒತ್ತುವುದಕ್ಕೆ. ಅದೇ ಕಾರಿನಲ್ಲಿ, ಅವರಿಂದ ಬೈಸಿಕೊಂಡೇ ನಾನು ಕಲಿತದ್ದು. "ಬ್ರೇಕ್ ಮಾತ್ರ ನಿಂದು ಬೆಣ್ಣೆ ಕಣೇ" ಎಂದು ಅವರು ಹೊಗಳಿದ ದಿನ ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ಕೊಚ್ಚಿಕೊಂಡಿದ್ದೆ. ಲೈಸೆನ್ಸಿನ ಪರೀಕ್ಷೆಯೂ ಅದೇ ಕಾರಿನಲ್ಲಿ; ಅವರೇ ಪಕ್ಕದಲ್ಲಿ ಕೂತಿದ್ದರು, ಪರೀಕ್ಷೆ ಮಾಡುವ ಆರ್‌ಟಿಓ ಸಾಹೇಬರು ಹಿಂದಿನ ಸೀಟಿನಲ್ಲಿ.

ಬೆಟ್ಟದ ಮೇಲೆ ಟೆಂಟ್ ಹಾಕುವುದೂ ಈ ಮಹಾನುಭಾವರದೇ ಹುಚ್ಚು. ಸೀಸನ್ ಮುಗಿದ ಮೇಲೆ ಹೋದರೆ ರಸ್ತೆಯೆಲ್ಲ ನಮ್ಮದೇ ಎಂದರು. ನಮ್ಮದೇ ಆಯಿತು. ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಕಾವಲುಗಾರನ ಕೋಣೆಗೆ ಬೀಗ, ಫೋನಿಗೆ ಸಿಗ್ನಲ್ ಇಲ್ಲ. ಬೆಳಿಗ್ಗೆ ಒದ್ದೆ ಬಂಡೆ ಹತ್ತಿ ಫೋಟೊ ತೆಗೆಯಲು ಹೋಗಿ ಜಾರಿದರು. ಬಲಗಾಲು ಕುಂಬಳಕಾಯಿಯ ಹಾಗೆ ಊದಿತು, ಬೆರಳುಗಳು ನೀಲಿಯಾದವು.

"ಆಸ್ಪತ್ರೆ ಇರೋದು ಕೆಳಗೆ. ನೀನೇ ಓಡಿಸ್ಬೇಕು" ಎಂದರು. ಮುಖ ಬಿಳಿಚಿಕೊಂಡಿತ್ತು. ನೋವಿಗಿರಬೇಕು ಅಂದುಕೊಂಡೆ.

ಹೊರಟಿದ್ದು ನಮ್ಮ ಮನೆಯ ಕಾರಿನಲ್ಲಿ; ಅದನ್ನು ನಾನು ಓಡಿಸಿದ್ದು ಅದೇ ಮೊದಲು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮಂಜು ತುಂಬಿದ ಕಣಿವೆ. ಬರುವಾಗ ಇದನ್ನೇ ನೋಡಿ ಆಹಾ ಎಂದಿದ್ದೆ. ಮೊದಲ ತಿರುವಿನಲ್ಲಿ ಸ್ಕೂಲಿನ ಕಾರಿನಲ್ಲಿ ಒತ್ತುತ್ತಿದ್ದಂತೆ ಹಗುರವಾಗಿ ಬ್ರೇಕ್ ಒತ್ತಿದೆ. ಕಾರು ಕೇಳಲೇ ಇಲ್ಲ, ಎದುರು ಬದಿಗೆ ನುಗ್ಗಿತು. ಇವರು "ಅಯ್ಯಮ್ಮಾ!" ಎಂದು ಚೀರಿದರು.

"ರೀ, ಬ್ರೇಕ್ ಹಿಡೀತಿಲ್ಲ!"

"ಹಿಡಿಯುತ್ತೆ, ಜೋರಾಗಿ ಒತ್ತೇ! ಎರಡನೇ ಗೇರಿಗೆ ಹಾಕು!"

ಮುಂದಿನ ತಿರುವಿನಲ್ಲೂ ಅದೇ ಚೀರಾಟ. ಓರೆಗಣ್ಣಿನಲ್ಲಿ ನೋಡಿದೆ. ಅವರ ಊದಿದ ಕಾಲು ಬರೀ ಮ್ಯಾಟನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕೇ ಇಲ್ಲ. ಆದರೂ ನನ್ನ ಕಾಲಿಗಿಂತ ಮೊದಲು ಅದು ಚಾಚಿಕೊಳ್ಳುತ್ತಿತ್ತು.

ರಸ್ತೆ ಸ್ವಲ್ಪ ಸಮತಟ್ಟಾದ ಕಡೆ ಕಾರು ನಿಧಾನವಾಯಿತು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ.

"ಕಲಿಸುವಾಗ ಬ್ರೇಕ್ ಒತ್ತುತ್ತಿದ್ದದ್ದು ಯಾರು?"

"ಇಬ್ಬರೂ... ಜಾಸ್ತಿ ನಾನೇ."

"ಪರೀಕ್ಷೆ ದಿನ?"

"ನೀನು ಫೇಲಾದ್ರೆ ಅಳ್ತೀಯಲ್ಲ ಅಂತ..."

ಕಾಲು ಊದಿರದಿದ್ದರೆ ಅಲ್ಲೇ ಇಳಿಸಿ ಹೋಗುತ್ತಿದ್ದೆನೋ ಏನೋ. "ಹಿಂದಿನ ಸೀಟಿಗೆ ಹೋಗಿ. ಟೆಂಟಿನ ಚೀಲದ ಮೇಲೆ ಕಾಲಿಟ್ಟು ಮಲಗಿ. ಉಸಿರೆತ್ತಿದ್ರೆ ನೋಡಿ."

ತೆವಳಿಕೊಂಡು ಹೋದರು. ನಾನು ಆ ಸಮತಟ್ಟಿನಲ್ಲೇ ಕಾರನ್ನು ಮುಂದೆ ಬಿಟ್ಟು ಬ್ರೇಕ್ ಒತ್ತಿ ನೋಡಿದೆ, ಮತ್ತೆ ಮತ್ತೆ, ಪೆಡಲು ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆಂದು ಕಾಲಿಗೆ ತಿಳಿಯುವವರೆಗೆ. ಆಮೇಲೆ ಎರಡನೇ ಗೇರಿನಲ್ಲಿ ಇಳಿಯತೊಡಗಿದೆ.

ಒಂದು ಕಡಿದಾದ ತಿರುವು ದಾಟಿದೆ, ನೋಡಿದರೆ ಮೇಲಿಂದ ಕುಸಿದ ಬಂಡೆಗಳು ರಸ್ತೆಯ ಮಧ್ಯದವರೆಗೂ ಬಿದ್ದಿವೆ. ಒತ್ತಿದೆ. ಇನ್ನೂ ಒತ್ತಿದೆ. ಟೈರು ಕಿರುಚಿ, ಬಂಡೆಗೆ ಒಂದು ಗೇಣು ಇರುವಾಗ ಕಾರು ನಿಂತಿತು.

ಪಕ್ಕದ ಸೀಟು ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ನನಗೆ ಅಳು ಬಂತು, ಅದರ ಜೊತೆಗೇ ನಗುವೂ.

"ನಾನು ಮುಂದೆ ಬರ್ಲಾ?" ಹಿಂದಿನಿಂದ ಕ್ಷೀಣವಾದ ದನಿ.

ಬಂಡೆಗಳ ಪಕ್ಕ ಕಾರು ನುಸುಳುವಷ್ಟು ಜಾಗವಿತ್ತು. "ಅಲ್ಲೇ ಇರಿ ಮೇಷ್ಟ್ರೇ" ಎಂದು ಗೇರ್ ಹಾಕಿದೆ.