ಹೊರಗಿನ ಹಾಳೆ

ಒಂದೂರಾಗ ಇಬ್ಬರು ಮುದುಕರಿದ್ದರಂತ, ಅವರಿಗೆ ಎರಡು ಪೇಪರಿದ್ದವಂತ... ಅಜ್ಜಿ ನಾಗವ್ವ ಹೇಳಿದ್ದರೆ ಕತೆ ಹೀಗೇ ಶುರುವಾಗುತ್ತಿತ್ತು ಎಂದುಕೊಳ್ಳುತ್ತ ಸ್ನೇಹಲ್ ಅಜ್ಜನ ಕನ್ನಡಕವನ್ನು ಓಢಣಿಯ ತುದಿಯಿಂದ ಒರೆಸುತ್ತಿದ್ದಳು. ಅಜ್ಜ ಶಿವಪುತ್ರಪ್ಪ ಹೊರಗಿನ ಕೋಣೆಯಲ್ಲಿ ಗೋಡೆಗೊರಗಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಕೂತಿದ್ದರು. ನಿನ್ನೆ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

"ಹಾಕವ್ವ ಅದನ್ನ," ಎಂದಳು ನಾಗವ್ವ. "ಇಲ್ಲಾಂದ್ರ ಯಾರ್ಯಾರು ಬಂದಾರ ಅಂತ ಅವರಿಗೆ ಹ್ಯಾಂಗ ಕಾಣಬೇಕು?"

"ಕಾಕಾ ಈಗ ಚಾ ಎಲ್ಲಿ, ಪೇಪರ್ ಎಲ್ಲಿ ಅಂತಾರ ನೋಡ್ರಿ," ಎಂದು ನಗಲು ಹೋದ ಪಕ್ಕದ ಮನೆಯ ಬಸವಲಿಂಗ ಮುಖ ಆಚೆ ತಿರುಗಿಸಿಕೊಂಡ.

ಅಪ್ಪ ಶಿವಪ್ರಕಾಶ ಬೆಳಗಿನ ಪೇಪರು ಬಿಡಿಸಿ ನಿಧನವಾರ್ತೆಯ ಪುಟ ತೋರಿಸಿದ. "ಫೋಟೋ ಚೊಲೋ ಬಂದದ."

"ಇನ್ನೊಂದರಾಗೂ ಬಂದದ ಅಪ್ಪಾ," ಎಂದಳು ಸ್ನೇಹಲ್. " ನಿನ್ನೆ ಸಂಜಿಗೆ ನಾನೇ ಕೊಟ್ಟು ಬಂದೆ."

"ಯಾವುದರಾಗ?"

"ಗುರಣ್ಣಜ್ಜ ಓದೋದ್ರಾಗ."

"ಉಗ್ರರ ಸಲುವಾಗಿ ಅಳೋ ಪೇಪರಿನ್ಯಾಗ ನಮ್ಮಪ್ಪನ ಫೋಟೋ? ಯಾರನ್ನ ಕೇಳಿದಿ?"

"ಅಜ್ಜನ್ನ."

*

ಕ್ಯಾಂಪ್ ಪೇಟೆಯ ಇರಾಣಿ ಹೋಟೆಲಿನಲ್ಲಿ ಆಗ ಗೆಳೆಯರಿಬ್ಬರದೂ ಒಂದೇ ಮೇಜು. ಶಿವಪುತ್ರಪ್ಪ ಬಟ್ಟೆ ಅಂಗಡಿಯ ಗುಮಾಸ್ತ, ಗುರಣ್ಣ ಸೆಂಟ್ರಿಂಗ್ ಕೆಲಸದವನು. ಒಬ್ಬರದೊಂದು ಪೇಪರು, ಇನ್ನೊಬ್ಬರದಿನ್ನೊಂದು. ಕೂತ ಕೂಡಲೇ ಇಬ್ಬರೂ ತಮ್ಮ ತಮ್ಮ ಪೇಪರಿನ ಹೊರಗಿನ ಹಾಳೆ ಬೇರೆ ಮಾಡಿ ಎದುರಿನವನಿಗೆ ಕೊಡುವುದು ರೂಢಿ. ತಲೆಬರಹ ಮೊದಲು ಗೆಳೆಯನಿಗೆ, ಒಳಗಿನದು ತನಗೆ. ಬೈಗುಳ ಇಬ್ಬರಿಗೂ.

ಉಗ್ರರ ದಾಳಿಯಾಗಿ, ಅದರ ಬೆನ್ನಿಗೇ ಗಡಿಯಲ್ಲಿ ಕಾಳಗ ಶುರುವಾದ ವಾರ ಬೈಗುಳದಲ್ಲಿ ನಗು ಉಳಿಯಲಿಲ್ಲ.

"ಉಗ್ರರು ಅಂತ ಬರೀಲಿಕ್ಕೆ ನಿನ್ನ ಪೇಪರಿನ್ಯಾಗ ಶಾಯಿ ಇಲ್ಲೇನೋ? ಬಂದೂಕುಧಾರಿಗಳಂತ! ಮ್ಯಾಲ ಆ ಕಡೆ ಸತ್ತವರ ಲೆಕ್ಕ ಬ್ಯಾರೆ. ಯಾರ ಪೇಪರಲೇ ಅದು?" ಎಂದು ಶಿವಪುತ್ರಪ್ಪ ಸಿಡುಕಿದರು.

"ನಿಂದರಾಗ ಈ ಕಡೆ ಸತ್ತವರೂ ಇಲ್ಲಲ್ಲೋ ಮಾರಾಯ, ಬರೇ ಗೆದ್ದದ್ದು," ಎಂದ ಗುರಣ್ಣ. "ನನ್ನ ಮಗ ಭೀಮು ಅಲ್ಲೇ ಗಡಿಯಾಗ ಸಿಪಾಯಿ ಅದಾನ. ನನಗ ಎಲ್ಲಾ ಲೆಕ್ಕ ಬೇಕು."

"ಹಂಗಾದ್ರ ನಿನ್ನ ಹಾಳಿ ನೀನ ಓದು." ಶಿವಪುತ್ರಪ್ಪ ಹೊರಗಿನ ಹಾಳೆಯನ್ನು ಮೇಜಿನ ಮೇಲೆ ಅತ್ತ ತಳ್ಳಿದರು. ಗುರಣ್ಣ ಅದನ್ನೆತ್ತಿಕೊಂಡು ಎದ್ದುಹೋದ. ಅವನ ಚಹಾ ಕೆನೆಗಟ್ಟುತ್ತ ಉಳಿಯಿತು.

ಭೀಮು ಮರಳಿ ಬಂದನೆಂದು ಯಾರೋ ಹೇಳಿದಾಗ ಶಿವಪುತ್ರಪ್ಪ ಪೇಢೆ ಕಟ್ಟಿಸಿಕೊಂಡು ಹೋದರು. ಗುರಣ್ಣನ ಕೋಣೆಗೆ ಬೀಗ. ರಾಂಜಣಗಾಂವದ ಕಡೆ ಎಲ್ಲೋ ಮಗಳ ಮನೆ ಸೇರಿದನಂತೆ. ಫೋನ್ ಹತ್ತಲಿಲ್ಲ.

ಆ ಪೇಢೆಗಳನ್ನು ಸ್ನೇಹಲ್ ಕೈಗಿಟ್ಟು ಅಜ್ಜ ಹೇಳಿದ್ದರು: "ನಾ ಹೋದ ದಿನ ಅವನ ಪೇಪರಿನ್ಯಾಗ ಹಾಕಸು. ಅವ ನಂಬರ್ ಬದಲ ಮಾಡ್ಯಾನ, ಪೇಪರ್ ಬದಲ ಮಾಡಿರಂಗಿಲ್ಲ. ನನ್ನ ಮಣ್ಣಿಗೆ ಅವ ಬರಬೇಕು. ಮಾತು ಕೊಡು."

*

ಕುಣಿಯೊಳಗೆ ಅಜ್ಜನನ್ನು ಕೂರಿಸಿಯಾಗಿತ್ತು. ಶಿವಪ್ರಕಾಶ ಒಳಗಿಳಿದು ಬಿಲ್ವಪತ್ರೆ ಇಡುತ್ತಿದ್ದ. ಸ್ನೇಹಲ್ ರುದ್ರಭೂಮಿಯ ಗೇಟಿನತ್ತಲೇ ನೋಡುತ್ತಿದ್ದಳು.

"ಬಿಸಿಲೇರ್ತದ, ಮಣ್ಣು ಹಾಕೋಣ್ರಿ," ಎಂದ ಬಸವಲಿಂಗ.

"ಸ್ವಲ್ಪ ತಡೀರಿ."

"ಸಾಕವ್ವ," ಕೆಳಗಿನಿಂದ ಅಪ್ಪನ ದನಿ ಬಂತು. "ಆತು. ಇನ್ಯಾರೂ ಬರಂಗಿಲ್ಲ."

ಮೊದಲ ಬುಟ್ಟಿ ಎತ್ತಿದಾಗ ಗೇಟಿನ ಬಳಿ ರಿಕ್ಷಾ ನಿಂತಿತು. ಕೋಲೂರಿಕೊಂಡು, ಬಾಯಿಂದ ಉಸಿರೆಳೆಯುತ್ತ ಗುರಣ್ಣ ಬಂದ. ಕಂಕುಳಲ್ಲಿ ಪೇಪರು. ಜನ ದಾರಿ ಬಿಟ್ಟರು.

"ಬಸ್ ಸಿಗಲಿಲ್ಲವ್ವ ಲಗೂನ," ಎಂದು ಸ್ನೇಹಲ್‌ಗೆ ಹೇಳಿ ಕೆಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಕನ್ನಡಕ ಹಾಕೀರಿ. ಚೊಲೋ ಮಾಡಿದ್ರಿ."

ಕೋಲನ್ನು ಅವಳ ಕೈಗೆ ಕೊಟ್ಟು ಪೇಪರು ಬಿಡಿಸಿದ. ಅಜ್ಜನ ಫೋಟೋ ಇದ್ದ ಒಳಗಿನ ಹಾಳೆಗಳನ್ನು ಮತ್ತೆ ಕಂಕುಳಿಗೆ ಸೇರಿಸಿ, ಹೊರಗಿನದನ್ನು ಕುಣಿಯತ್ತ ಚಾಚಿದ.

"ಇದು ಅವಂದು, ಪ್ರಕಾಶ."

ದಪ್ಪ ದಪ್ಪ ಅಕ್ಷರಗಳಲ್ಲಿ ಮತ್ತೆ ಅದೇ ಗಡಿ, ಅದೇ ಸುದ್ದಿ. ಶಿವಪ್ರಕಾಶ ಆ ಹಾಳೆಯನ್ನು ನೋಡಿದ, ಅದನ್ನು ಹಿಡಿದಿದ್ದ ಕೈಯನ್ನು ನೋಡಿದ. ವಿಭೂತಿಯ ಕೈಗಳನ್ನು ಧೋತರಕ್ಕೆ ಒರೆಸಿಕೊಂಡು, ಎರಡನ್ನೂ ಮೇಲೆತ್ತಿ ಹಾಳೆ ಇಸಿದುಕೊಂಡ.

ಅಜ್ಜ ಓದುವಾಗ ಮಡಚುತ್ತಿದ್ದಂತೆಯೇ ಒಂದು ಸಲ ಮಡಚಿ, ಅವರ ತೊಡೆಯ ಮೇಲಿಟ್ಟ. ಆಮೇಲೆ ಬಗ್ಗಿ, ತಲೆಬರಹವನ್ನು ಕನ್ನಡಕದ ಕಡೆಗೆ ತಿರುಗಿಸಿದ.