ಹಜಾರಕ್ಕೊಂದು ರಿಸೀವರ್

ಪುಷ್ಯದ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊತ್ತು ಮೂಡುವ ಮೊದಲೇ ಕಣಕ್ಕೆ ಇಳಿದಿದ್ದ ಷಡಕ್ಷರಪ್ಪ, ಟ್ರ್ಯಾಕ್ಟರ್ ಒಂದು ಸುತ್ತು ತುಳಿದು ಹೋದ ಹುಲ್ಲನ್ನು ಮಗುಚಿ ಹಾಕುತ್ತಿದ್ದ. ಭದ್ರಾ ನಾಲೆಯ ಬಯಲಿನಲ್ಲಿ ಆ ವಾರ ಎತ್ತ ನೋಡಿದರೂ ಭತ್ತದ ಒಕ್ಕಣೆಯೇ. ಹುಲ್ಲು ಎತ್ತಲು ಬಂದಿದ್ದ ಸಣ್ಣಮ್ಮ ಸೊಂಟ ನೆಟ್ಟಗೆ ಮಾಡಿಕೊಳ್ಳುವ ನೆವದಲ್ಲಿ ಹತ್ತಿರ ಬಂದು, ಜ್ಞಾನೇಶಪ್ಪ ಭದ್ರಾವತಿಯಲ್ಲಿ ಕ್ವಾರ್ಟರ್ಸ್ ನೋಡಿಕೊಂಡು ಬಂದರಂತೆ, ಹೌದಾ ಅಂತ ಕೇಳಿದಳು. ಆ ಕಡೆಯ ಮನೆಗಳಿಗೆ ಕೆಲಸಕ್ಕೆ ಹೋಗುವ ಅವಳ ಮಗಳು, ಅವರು ಬೀಗ ತೆಗೆಸಿ ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿದ್ದನ್ನು ಕಂಡಿದ್ದಳಂತೆ.

ಷಡಕ್ಷರಪ್ಪ ಮಗುಚುವುದನ್ನು ನಿಲ್ಲಿಸಲಿಲ್ಲ. ಬಿಸಿಲೇರುವ ಮೊದಲು ಈ ಕಡೆ ಹುಲ್ಲು ತೆಗೆದುಬಿಡು ಎಂದಷ್ಟೇ ಹೇಳಿದ.

ಜ್ಞಾನೇಶ ಅವನ ತಮ್ಮ. ಅಪ್ಪ ತೀರಿಕೊಂಡಾಗ ಇನ್ನೂ ಚಡ್ಡಿ ಹಾಕುವ ಹುಡುಗ. ಸಾಕಿ, ಓದಿಸಿ, ಭದ್ರಾವತಿಯ ಕಾರ್ಖಾನೆಗೆ ಸೇರಿಸಿದ್ದು, ಶಿವಮೊಗ್ಗದ ಕೋಟೆ ಬೀದಿಯಿಂದ ಪ್ರಿಯದರ್ಶಿನಿಯನ್ನು ತಂದು ಮದುವೆ ಮಾಡಿದ್ದು ಎಲ್ಲಾ ಷಡಕ್ಷರಪ್ಪನೇ. ಎರಡು ಸಂಸಾರ, ಒಂದೇ ಒಲೆ. ತಮ್ಮ ಮನೆ ಬಿಡುತ್ತಾನೆ ಎಂಬ ಮಾತು ಕಣಕ್ಕೆ ಬಂದಿದೆ, ಅಣ್ಣನ ಹತ್ತಿರ ಬಂದಿಲ್ಲ. ಅದೇ ತಮ್ಮನ ಜೊತೆ ಅವತ್ತು ಅವನು ಶಿವಮೊಗ್ಗಕ್ಕೆ ಹೋಗಬೇಕಿತ್ತು. ದೀಪಾವಳಿಗೆ ಬಂದಿದ್ದ ಡಿವಿಡಿಗೆ ಸುತ್ತಲಿಂದ ಸದ್ದು ಬರುವಂಥ ರಿಸೀವರು, ಸ್ಪೀಕರು ತರುವುದೆಂದು ಜ್ಞಾನೇಶ ತಿಂಗಳಿಂದ ಹೇಳುತ್ತಿದ್ದ.

ಹಜಾರಕ್ಕೆ ಏನು ಬಂದರೂ ಇಬ್ಬರೂ ಅರ್ಧರ್ಧ ಹಾಕುವುದು ಆ ಮನೆಯ ರೂಢಿ. ಗಡಿಯಾರ, ಫ್ಯಾನು, ಟಿವಿ ಎಲ್ಲಾ ಹಾಗೇ ಬಂದವು. ಆದರೆ ಊರಿನ ಎಷ್ಟೋ ಪಾಲಿಗೆ ಪಂಚನಾಗಿ ಕೂತ ಷಡಕ್ಷರಪ್ಪನಿಗೆ ಮನೆ ಪಾಲಾದರೆ ಮುಂದಿನದೂ ಗೊತ್ತಿತ್ತು. ಹಂಡೆ, ಕೊಡ, ನೊಗ, ನೇಗಿಲು ಎರಡು ಸಾಲಾಗಿ ಇಡಬೇಕು. ಹಿರಿಯ ಸಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಬಾವಿ, ಕಣ, ಇಂಥ ಎರಡಾಗದ ವಸ್ತು ಮಾತ್ರ ಇಬ್ಬರಿಗೂ ಉಳಿಯುತ್ತದೆ; ಅದರ ನೆವದಲ್ಲಾದರೂ ಅಣ್ಣತಮ್ಮಂದಿರು ಮುಖ ನೋಡುತ್ತಾರೆ. ಬಸ್ಸಿನಲ್ಲಿ ಕೂತಾಗ ಅವನ ತಲೆಯಲ್ಲಿ ಇದೇ ಓಡುತ್ತಿತ್ತು. ಜ್ಞಾನೇಶ ಪಕ್ಕದಲ್ಲಿ ವ್ಯಾಟು, ಚಾನೆಲ್ಲು ಎಂದು ವಿವರಿಸುತ್ತಿದ್ದ. ಕ್ವಾರ್ಟರ್ಸಿನ ಮಾತು ಎತ್ತಲಿಲ್ಲ.

ಅಂಗಡಿಯ ಶಿವರಾಮ ಎರಡು ಸೆಟ್ಟು ತೋರಿಸಿದ. ಒಂದರಲ್ಲಿ ಎಲ್ಲಾ ಸೇರಿ ಒಂದೇ ಡಬ್ಬ, ಅದಕ್ಕೆ ಬೆಂಕಿಬಣ್ಣದಲ್ಲಿ ಎರಡು ಸಾವಿರ ವ್ಯಾಟ್ ಎಂದು ಬರೆದ ಚೀಟಿ, ಜೊತೆಗೆ ಅಂಗೈಯಗಲದ ಐದು ಸ್ಪೀಕರು. ಇನ್ನೊಂದು ಜಪಾನ್ ಕಂಪನಿಯದು, ಸ್ಪೀಕರುಗಳಿಗೆ ಸದ್ದು ಹಂಚುವ ಬರೀ ರಿಸೀವರು. ಹಿಂದಿನ ವರ್ಷದ ಮಾಡೆಲ್ಲಾದ್ದರಿಂದ ದರ ಇಳಿದಿತ್ತು. ಅದಕ್ಕೆ ಸ್ಪೀಕರು ಬೇರೆ ಕೊಳ್ಳಬೇಕು; ಭದ್ರಾವತಿಯಲ್ಲಿ ಸ್ಪೀಕರು ಕಟ್ಟಿಕೊಡುವ ಏಕಾಂತಪ್ಪನ ಹತ್ತಿರ ಮರದ ಪೆಟ್ಟಿಗೆ ಮಾಡಿಸಿದರೆ ಎರಡೂ ಸರಿಸುಮಾರು ಒಂದೇ ಖರ್ಚು ಎಂದು ಜ್ಞಾನೇಶ ಮೊದಲೇ ವಿಚಾರಿಸಿಟ್ಟಿದ್ದ.

ಷಡಕ್ಷರಪ್ಪ ಡಬ್ಬದ ಹಿಂದೆ ಬಗ್ಗಿ ನೋಡಿ, ಇದರ ಸ್ಪೀಕರು ಬಿಚ್ಚಿ ಬೇರೆ ಕಡೆ ಹಾಕಿಕೊಳ್ಳಬಹುದಾ ಅಂತ ಕೇಳಿದ. ಆಗೋದಿಲ್ಲ ಯಜಮಾನ್ರೆ, ಇದರ ಪಿನ್ನು ಇದಕ್ಕೇ ಸರಿ, ಬಿಚ್ಚಿದರೆ ಡಬ್ಬಾನೂ ದಂಡ, ಸ್ಪೀಕರೂ ದಂಡ ಅಂದ ಶಿವರಾಮ.

"ಹಾಗಾದ್ರೆ ಇದೇ ಇರ್ಲಿ."

ಜ್ಞಾನೇಶ ನಕ್ಕುಬಿಟ್ಟ. "ಅಣ್ಣ, ಅದು ಚೀಟಿ ಮೇಲಿನ ವ್ಯಾಟು. ನಿಜವಾಗ್ಲೂ ಎರಡು ಸಾವಿರ ಇದ್ದಿದ್ರೆ ನಮ್ಮನೆ ಫ್ಯೂಸ್ ನಿಲ್ತಿತ್ತಾ? ಒಂದು ಮಳೆಗಾಲ ಕಳೆದ್ರೆ ಹರಕು ತಮಟೆ ಥರ ಬಡ್ಕೊಳ್ಳುತ್ತೆ."

ಅಣ್ಣ ಕದಲಲಿಲ್ಲ. ತಮ್ಮ ಮತ್ತೆ ಮತ್ತೆ ಹೇಳಿದ. ರಿಸೀವರಾದರೆ ಒಂದು ಸ್ಪೀಕರು ಹೋದರೂ ಅದೊಂದನ್ನೇ ಬದಲಿಸಬಹುದು, ಬೇಕಾದಾಗ ದೊಡ್ಡದು ಹಾಕಬಹುದು, ಎಲ್ಲಾ ಬಿಡಿಬಿಡಿ ಅಂದ. ಆ ಬಿಡಿಬಿಡಿ ಎನ್ನುವ ಮಾತು ಷಡಕ್ಷರಪ್ಪನಿಗೆ ಕಿವಿಯಲ್ಲಿ ಭತ್ತದ ತೆನೆಯ ಸುಂಕು ಹೊಕ್ಕ ಹಾಗಾಯಿತು.

"ಬಿಡಿಬಿಡಿ ಯಾಕೆ ಬೇಕು ಅಂತ ನಂಗೊತ್ತು ಮಾರಾಯ. ಐದರಲ್ಲಿ ಎರಡು ನಿಂಗೆ, ಎರಡು ನಂಗೆ. ಉಳಿದಿದ್ದೊಂದಕ್ಕೆ ಪಂಚರನ್ನ ಕರೆಸ್ತೀಯಾ?"

ಜ್ಞಾನೇಶನ ಮುಖ ಕಪ್ಪಿಟ್ಟಿತು. ಯಾರು ಹೇಳಿದರು ಎಂದು ಅವನು ಕೇಳಲಿಲ್ಲ. ಶಿವರಾಮ ಇಲ್ಲದ ಧೂಳು ಒರೆಸುತ್ತ ನಿಂತ. ಹೊರಗೆ ಆಟೋಗಳ ಗಲಾಟೆ. ಅಣ್ಣ ಮೆಟ್ಟಿಲ ಕಡೆ ಹೆಜ್ಜೆ ಇಟ್ಟೇಬಿಟ್ಟಿದ್ದ. ಜ್ಞಾನೇಶ ಅವನ ರಟ್ಟೆ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದ. ಮನೆಯಲ್ಲಿ ಹಾಗೆ ಅಣ್ಣನ ಮೈ ಮುಟ್ಟಿ ಎಳೆದವನಲ್ಲ.

ಮೊದಲು ಡಬ್ಬದ ಸೆಟ್ಟಿನಲ್ಲಿ ಒಂದು ಸಿನಿಮಾ ಹಾಕಿಸಿದ. ಮಳೆ ಹೊಯ್ಯಿತು, ಗುಡುಗಿತು, ಕುದುರೆ ಓಡಿತು. ಮಳೆಯಲ್ಲಿ ನಿಂತ ಹೆಂಗಸು ಏನೋ ಅಂದಳು. ಏನಂದಳು ಅಂತ ಜ್ಞಾನೇಶ ಕೇಳಿದ. ಷಡಕ್ಷರಪ್ಪ ತೆರೆಯ ಕಡೆ ಕತ್ತು ಚಾಚಿದ. ಆಮೇಲೆ ಅದೇ ಮಳೆಯನ್ನು ಅಂಗಡಿಯ ಸ್ಪೀಕರು ಜೋಡಿಸಿದ್ದ ರಿಸೀವರಿಗೆ ಹಾಕಿಸಿ, ನಡುವಿನ ಸ್ಪೀಕರಿನ ಸದ್ದೊಂದನ್ನೇ ಮೆಲ್ಲಗೆ ಏರಿಸುತ್ತ ಹೋದ. ಮಳೆ ಇದ್ದಲ್ಲೇ ಇತ್ತು. ಹೆಂಗಸಿನ ಮಾತು ಮಾತ್ರ ಎದುರು ಬಂದು ನಿಂತಿತು. ಅವಳು ಮಗನನ್ನು ಊಟಕ್ಕೆ ಕರೆಯುತ್ತಿದ್ದಳು, ಅಷ್ಟೇ.

ಜ್ಞಾನೇಶ ದನಿ ತಗ್ಗಿಸಲಿಲ್ಲ, ತಗ್ಗಿಸಿದರೆ ಅಣ್ಣನಿಗೆ ಕೇಳುವುದಿಲ್ಲ. "ಮೂರು ವರ್ಷದಿಂದ ನೋಡ್ತಿದೀನಿ ಅಣ್ಣ. ಟಿವಿ ಮುಂದೆ ಎಲ್ರೂ ನಕ್ಕಾಗ ನೀನೂ ನಗ್ತೀಯ, ಒಂದು ಗಳಿಗೆ ತಡವಾಗಿ. ನಿಂಗೆ ಕೇಳಿರಲ್ಲ. ಕ್ವಾರ್ಟರ್ಸ್ ಸಿಕ್ಕಿರೋದು ನಿಜ, ಯುಗಾದಿ ಆದ್ಮೇಲೆ ಹೋಗ್ತೀವಿ. ಹೇಳೋಕೆ ಧೈರ್ಯ ಬರಲಿಲ್ಲ. ಆದ್ರೆ ಇದ್ರಲ್ಲಿ ಒಂದು ವೈರೂ ನಾನು ತಗೊಂಡು ಹೋಗಲ್ಲ."

ಕಿವಿಯ ವಿಷಯ ಹೆಂಡತಿಗೂ ಗೊತ್ತಿಲ್ಲವೆಂದು ಷಡಕ್ಷರಪ್ಪ ತಿಳಿದಿದ್ದ. ಹೋಗಬೇಡ ಎನ್ನುವ ಮಾತು ನಾಲಗೆಯವರೆಗೆ ಬಂತು. ಶಿವರಾಮ ಯಾವುದು ಪ್ಯಾಕ್ ಮಾಡಲಿ ಅಂತ ಕೇಳಿದ.

ಷಡಕ್ಷರಪ್ಪ ರಿಸೀವರಿನ ಕಡೆ ಕೈ ತೋರಿಸಿದ.

ದುಡ್ಡು ಪೂರ್ತಿ ಜ್ಞಾನೇಶನೇ ಕೊಟ್ಟ. ಭತ್ತ ಮಾರಿದ ಮೇಲೆ ಅಣ್ಣ ಅರ್ಧ ಕೊಡುವುದೆಂದಾಯಿತು. ಭದ್ರಾವತಿಗೆ ಹೋಗಿ ಏಕಾಂತಪ್ಪನಿಗೆ ಸ್ಪೀಕರು ಹೇಳಿದರು. ವೈರು ಎಷ್ಟುದ್ದ ಬೇಕು, ಒಂದೇ ಕೋಣೆಗೋ ಎರಡು ಕೋಣೆಗೋ ಅಂತ ಅವನು ವಾಡಿಕೆಯಂತೆ ಕೇಳಿದ. ಒಂದೇ ಕೋಣೆ ಅಂದವನು ಷಡಕ್ಷರಪ್ಪ.

ಯುಗಾದಿ ಕಳೆದ ಸೋಮವಾರ ಮನೆ ಮುಂದೆ ಲಗೇಜ್ ಗಾಡಿ ನಿಂತಿತು. ಭತ್ತ ಮಾರಿ ತಿಂಗಳಾಗಿತ್ತು. ಬೇರೆ ಒಲೆ ಹೂಡುವವರ ಕೊಡುಕೊಳ್ಳುವ ಲೆಕ್ಕ ಅವರು ಹೊಸಿಲು ದಾಟುವ ಮೊದಲೇ ಚುಕ್ತಾ ಆಗಬೇಕು. ಆಮೇಲೇ ಪಾಲಾಯಿತು ಎನ್ನುವುದು. ಅದಕ್ಕೇ ಷಡಕ್ಷರಪ್ಪನ ಹೆಂಡತಿ ದಾಕ್ಷಾಯಣಮ್ಮ ಗಂಡನ ಕೈಗೆ ರಿಸೀವರಿನ ಅರ್ಧ ದುಡ್ಡಿನ ಗಂಟು ತುರುಕಿ, ಕೊಟ್ಟುಬಿಡಿ, ನಾಳೆ ಒಂದು ಮಾತು ಉಳಿಯೋದು ಬೇಡ ಅಂದಳು. ಷಡಕ್ಷರಪ್ಪ ಗಂಟು ಹಿಡಿದುಕೊಂಡೇ ಗಾಡಿಯ ಹತ್ತಿರ ಹೋದ. ಪ್ರಿಯದರ್ಶಿನಿ ಕಾಲಿಗೆ ನಮಸ್ಕಾರ ಮಾಡಿ ಗಾಡಿ ಹತ್ತಿದಳು. ಜ್ಞಾನೇಶ ಗಂಟನ್ನು ನೋಡಿ, ತಾನು ಕೇಳಲೇ ಇಲ್ಲವಲ್ಲ ಅಂದ.

"ನೀನು ಕೇಳಿದ್ರೂ ಕೊಡಲ್ಲ," ಅಂದ ಷಡಕ್ಷರಪ್ಪ. "ಬಾಕಿ ಇರ್ಲಿ. ಯಾರಾದ್ರೂ ಪಾಲಾಯ್ತಾ ಅಂತ ಕೇಳಿದ್ರೆ, ಅಣ್ಣನ ಲೆಕ್ಕ ಇನ್ನೂ ಮುಗಿದಿಲ್ಲ ಅನ್ನು."

ಜ್ಞಾನೇಶ ಗಾಡಿಯ ಹಗ್ಗ ಬಿಗಿಯುವ ಕಡೆ ತಿರುಗಿದ.

ಊರಲ್ಲಿ ಯಾರಿಗೂ ಒಂದು ಸೇರು ಬಾಕಿ ಇಟ್ಟ ಮನುಷ್ಯನಲ್ಲ, ಒಡಹುಟ್ಟಿದವನಿಗೆ ಇಟ್ಟರಲ್ಲ ಎಂದು ದಾಕ್ಷಾಯಣಮ್ಮ ಹಿಂದಿನಿಂದ ಗೊಣಗಿದಳು. ಷಡಕ್ಷರಪ್ಪ ಗಂಟನ್ನು ಜೇಬಿಗೆ ಹಾಕಿಕೊಂಡು, ಗಾಡಿಗೆ ಏರಿಸುವುದು ಉಳಿದಿದ್ದ ಒರಳುಕಲ್ಲಿನ ಒಂದು ಬದಿಗೆ ಕೈ ಕೊಟ್ಟ.